ಬಿರಡೆಯ ಮೇಲಿನ ವಿಭೂತಿ

"ಅದ್ರ ಮೇಲೆ ಬೂದಿ ಇತ್ತು ಮೇಡಂ."

ಮುನ್ನೀಬಿ ಈ ಮಾತನ್ನು ಹೇಳುತ್ತಿದ್ದುದು ಮೂರನೇ ಸಲ. ಮೊದಲೆರಡು ಸಲ ಸಬ್ ಇನ್‌ಸ್ಪೆಕ್ಟರ್ ಬೃಂದಾ ಕಿವಿ ಮೇಲೆ ಹಾಕಿಕೊಂಡಿರಲಿಲ್ಲ. ಗಂಡ ಲಾಕಪ್ಪಿನಲ್ಲಿರುವಾಗ ಬೆಂಚಿನ ಮೇಲೆ ಕುಳಿತ ಹೆಂಡತಿ ಏನೇನೋ ಹೇಳುತ್ತಾಳೆ. ಅದರಲ್ಲಿ ಅರ್ಧ ಅಳು, ಇನ್ನರ್ಧ ಆಣೆ. ಹತ್ತು ವರ್ಷದ ನೌಕರಿಯಲ್ಲಿ ಬೃಂದಾಗೆ ಅದೆಲ್ಲ ಅಭ್ಯಾಸವಾಗಿಹೋಗಿತ್ತು. ಆದರೆ ಈ ಹೆಂಗಸು ಅಳುತ್ತಲೂ ಇರಲಿಲ್ಲ, ಆಣೆಯನ್ನೂ ಇಡುತ್ತಿರಲಿಲ್ಲ. ತೊಡೆಯ ಮೇಲೆ ಟಿಫಿನ್ ಕ್ಯಾರಿಯರ್ ಇಟ್ಟುಕೊಂಡು, ಅಂಗಡಿಯವನಿಗೆ ಬಟ್ಟೆ ವಾಪಸ್ ಕೊಡುವವಳ ಹಾಗೆ ಒಂದೇ ಮಾತನ್ನು ಹಿಡಿದು ಕೂತಿದ್ದಳು.

"ಎಂಥ ಬೂದಿ ಅಮ್ಮ?" ಬೃಂದಾ ಕೊನೆಗೂ ಪೆನ್ನು ಕೆಳಗಿಟ್ಟಳು.

"ಬೆಳ್ಳಗೆ, ಗೀರು ಗೀರಾಗಿ. ನಿನ್ನೆ ಸಾಹೇಬ್ರು ಡಬ್ಬದಿಂದ ಎತ್ತಿ ತೋರ್ಸಿದ್ರಲ್ಲ, ಆಗ ನೋಡ್ದೆ. ನಮ್ಮನೇಲಿ ಬೂದಿ ಎಲ್ಲಿಂದ ಬರ್ಬೇಕು? ಗ್ಯಾಸಲ್ಲಿ ಅಡುಗೆ ಮಾಡೋದು. ಅದೂ ಅಲ್ದೆ, ಕಬ್ಬಿಣ ಅಂತ ಒಂದು ಕಣ್ಗೆ ಬಿದ್ರೆ ನಮ್ಮೆಜಮಾನ್ರು ಎಣ್ಣೆ ಹಚ್ದೆ ಬುಡೋರಲ್ಲ. ನನ್ ಹೊಲಿಗೆ ಮಿಷಿನ್ ಎಣ್ಣೆ ಪೂರ್ತಿ ಅವ್ರ ಕೈಗೇ ಹೋಯ್ತದೆ. ಬಾಗಿಲು ಚಿಲ್ಕಕ್ಕೂ ಎಣ್ಣೆ, ನನ್ ಕತ್ರಿಗೂ ಎಣ್ಣೆ. ಆ ಸಾಮಾನು ಒಣಗಿತ್ತು ಮೇಡಂ. ಅದು ನಮ್ದಲ್ಲ."

ಆ ಸಾಮಾನಿಗೆ ಸರ್ಕಾರದ ಕಾಗದದಲ್ಲಿ 'ಬಂದೂಕು ಪರಿವರ್ತನಾ ಸಾಧನ' ಎಂದು ಹೆಸರು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯವರ ಬಾಯಲ್ಲಿ ಬರೀ 'ಬಿರಡೆ'. ಹೆಬ್ಬೆರಳುದ್ದದ ಉಕ್ಕಿನ ತುಂಡು. ಹಂದಿ ಓಡಿಸಲೆಂದು ಲೈಸೆನ್ಸು ಪಡೆದ ಹಳೇ ಕೋವಿ, ಮದ್ದು ಗಿಡಿದು ಒಂದು ಸಲ ಢಂ ಅನಿಸಿ ಮತ್ತೆ ಗಿಡಿಯುತ್ತ ಕೂರಬೇಕಾದ ಮುದಿ ಕೋವಿ, ಈ ಬಿರಡೆ ಹೊಕ್ಕರೆ ಬೇಟೆಗಾರನ ಬಂದೂಕಾಗಿಬಿಡುತ್ತಿತ್ತು. ಎನ್. ಬೇಗೂರಿನ ಕಾಡಂಚಿನಲ್ಲಿ ಫಾರೆಸ್ಟ್ ವಾಚರ್ ಚಲುವರಾಜುವಿನ ಎದೆಗೆ ಗುಂಡು ಬಿದ್ದದ್ದು ಅಂಥದೇ ಕೋವಿಯಿಂದ. ವಾರ ಕಳೆದರೂ ಕೋವಿ ಸಿಕ್ಕಿರಲಿಲ್ಲ. ಆದರೆ ನಿನ್ನೆ ಹುಣಸೂರಿನ ಬಂದೂಕು ರಿಪೇರಿ ನಸೀರನ ಅಂಗಡಿಯಲ್ಲಿ ಬಿರಡೆ ಸಿಕ್ಕಿತ್ತು.

ರಾಜ್ಯದ ಹೊಸ ಕಾಯ್ದೆಗೆ ಕರುಣೆ ಎಂಬುದು ಇರಲಿಲ್ಲ. ಕೋವಿ ಇರಬೇಕಾಗಿಲ್ಲ, ಗುಂಡು ಹಾರಿಸಿರಬೇಕಾಗಿಲ್ಲ. ಬಿರಡೆ ನಿನ್ನ ಹತ್ತಿರ ಇದ್ದರೆ ಸಾಕು, ಏಳು ವರ್ಷ. ಜಾಮೀನಿನ ಮಾತೇ ಇಲ್ಲ. ನಾಲ್ಕು ಗಂಟೆಗೆ ನಸೀರನನ್ನು ಕೋರ್ಟಿಗೆ ಹಾಜರುಪಡಿಸಬೇಕು. ಅಲ್ಲಿಂದ ಅವನು ಸೀದಾ ಜೈಲಿಗೆ. ಗಾಣದಕೊಪ್ಪಲು ಠಾಣೆಯ ಗೋಡೆ ಗಡಿಯಾರ ಆಗ ಹನ್ನೆರಡೂ ಹತ್ತು ತೋರಿಸುತ್ತಿತ್ತು.

"ಡಬ್ಬ ಎಲ್ಲಿತ್ತು ಅಂತ ಸಾಹೇಬ್ರಿಗೆ ನೀವೇ ತೋರ್ಸಿದ್ರಾ?"

"ನಾವ್ಯಾಕೆ ತೋರ್ಸೋಣ? ಅವ್ರು ಸೀದಾ ಹೋಗಿ..."

ಹೊರಗೆ ಜೀಪು ನಿಂತ ಸದ್ದಾಯಿತು. ಬಾಗಿಲಲ್ಲಿ ಸರ್ಕಲ್ ಇನ್‌ಸ್ಪೆಕ್ಟರ್ ಶಂಕರ್, ಅವರ ಹಿಂದೆಯೇ ಫೈಲು ಹಿಡಿದು ಠಾಣೆಯ ರೈಟರ್ ದಫೇದಾರ್ ವೀರಭದ್ರಸ್ವಾಮಿ. ಮುನ್ನೀಬಿಯ ಬಾಯಿಗೆ ಬೀಗ ಬಿತ್ತು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಗೋಡೆ ಕಡೆಗೆ ತಿರುಗಿ ಕುಳಿತಳು. ಗಂಡಸರು ಬಂದರೆಂದು ಸಂಕೋಚ, ಅಷ್ಟೇ ಅಂದುಕೊಂಡಳು ಬೃಂದಾ.

"ಬೃಂದಾ, ಪೇಪರ್ಸ್ ಎಲ್ಲಾ ರೆಡಿ ತಾನೆ?" ಶಂಕರ್‌ಗೆ ಕೂರುವ ಅಭ್ಯಾಸವೇ ಇರಲಿಲ್ಲ, ನಿಂತೇ ಮಾತಾಡುತ್ತಿದ್ದರು. "ಈ ಕೇಸ್ ನೀಟಾಗಿ ಹೋಗ್ಬೇಕು. ಹೊಸ ಕಾಯ್ದೇಲಿ ಜಿಲ್ಲೆಗೇ ಮೊದಲನೇದು. ನಾನು ಎದುರು ಮೆಸ್ಸಲ್ಲಿ ಊಟ ಮುಗಿಸ್ತೀನಿ. ಮೂರಕ್ಕೆ ಹೊರಡೋಣ."

"ಆಯ್ತು ಸರ್."

ಅವರಿಬ್ಬರೂ ಹೊರಗೆ ಹೋದ ಮೇಲೆ ಮುನ್ನೀಬಿ ಈ ಕಡೆ ತಿರುಗಿದಳು. ಆದರೆ ಅರ್ಧಕ್ಕೆ ಬಿಟ್ಟ ಮಾತನ್ನು ಮುಗಿಸಲಿಲ್ಲ. ಎದ್ದು ಬಂದು ಕ್ಯಾರಿಯರನ್ನು ಬೃಂದಾಳ ಮೇಜಿನ ಮೇಲಿಟ್ಟಳು.

"ಒಳಗಿರೋರಿಗೆ ಊಟ ಕೊಡೋ ಮುಂಚೆ ತೆಗ್ದು ನೋಡ್ತಾರಂತಲ್ಲ. ನೀವೇ ತೆಗ್ದು ನೋಡಿ ಮೇಡಂ. ಬೇರೆಯವ್ರ ಕೈ ಬ್ಯಾಡ."

"ಆಯ್ತಮ್ಮ, ನೋಡ್ತೀನಿ ಇರಿ," ಎಂದಳು ಬೃಂದಾ. ಅವಳ ತಲೆಯೊಳಗೆ ಆಗಲೇ ಬೂದಿ ಕೂತುಬಿಟ್ಟಿತ್ತು. ಊಟದ ಡಬ್ಬದ ಕಡೆ ಗಮನ ಹೋಗಲಿಲ್ಲ.

ವಶಪಡಿಸಿಕೊಂಡ ಬಿರಡೆಯನ್ನು ಬಟ್ಟೆಯಲ್ಲಿ ಹೊಲಿದು ಅರಗಿನ ಮುದ್ರೆ ಒತ್ತಿಯಾಗಿತ್ತು. ಅದನ್ನು ಈಗ ಒಡೆಯುವಂತಿಲ್ಲ. ಆದರೆ ಮಹಜರಿನ ವಿಡಿಯೊ ಇತ್ತಲ್ಲ! ನಿನ್ನೆ ಬೃಂದಾ ಎನ್. ಬೇಗೂರಿನಲ್ಲಿ ಚಲುವರಾಜುವಿನ ಮನೆಯವರ ಹೇಳಿಕೆ ಬರೆದುಕೊಳ್ಳುತ್ತಿದ್ದಳು; ಅಂಗಡಿಗೆ ಹೋದವರು ಶಂಕರ್ ಮತ್ತು ಸ್ವಾಮಿ, ವಿಡಿಯೊ ತೆಗೆದವಳು ಕಾನ್‌ಸ್ಟೇಬಲ್ ಐಶ್ವರ್ಯ. ಬೃಂದಾ ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ, ಐಶ್ವರ್ಯ ಕಳಿಸಿದ್ದ ವಿಡಿಯೊ ಹಾಕಿದಳು.

ಹನ್ನೊಂದು ನಿಮಿಷದ ವಿಡಿಯೊ. ಮೊದಲ ಆರು ನಿಮಿಷ ಬರೀ ಗಲಾಟೆ. ಲೇತಿನ ಯಂತ್ರ, ಗೋಡೆಗೆ ಒರಗಿಸಿದ ಕೋವಿಯ ಹಿಡಿಗಳು, ಮೂಲೆಯಲ್ಲಿ ಮುನ್ನೀಬಿಯ ಹೊಲಿಗೆ ಯಂತ್ರ, "ಏನಾಯ್ತು ಸಾರ್, ಏನಾಯ್ತು ಸಾರ್" ಎನ್ನುತ್ತ ಹಿಂದೆ ಹಿಂದೆ ಸುತ್ತುವ ನಸೀರ್. ಏಳನೇ ನಿಮಿಷದಲ್ಲಿ ಶಂಕರ್ ಸೀದಾ ಬಗ್ಗಿ, ಬೆಂಚಿನ ಕೆಳಗಿನ ಮೂರು ಡಬ್ಬಗಳಲ್ಲಿ ನಡುವಿನದನ್ನೇ ಎಳೆದರು. ಸ್ಕ್ರೂಗಳನ್ನು ಸುರಿದರು. ಎರಡು ಬೆರಳಲ್ಲಿ ಬಿರಡೆಯನ್ನು ಹಿಡಿದು ಕ್ಯಾಮೆರಾಕ್ಕೆ ತೋರಿಸಿದರು.

ಬೃಂದಾ ಅಲ್ಲಿಗೇ ನಿಲ್ಲಿಸಿ, ಚಿತ್ರವನ್ನು ಹಿಗ್ಗಿಸಿದಳು.

ಮೂರು ಬಿಳಿ ಗೆರೆ. ಕಡ್ಡಿಯಲ್ಲಿ ಎಳೆದಷ್ಟು ಸಪೂರ. ಅದರ ಕೆಳಗೆ ಅರ್ಧ ಉದುರಿದ ಒಂದು ಕೆಂಪು ಚುಕ್ಕೆ.

"ಅಯ್ಯೋ ದೇವ್ರೇ," ಎಂದಳು ಬೃಂದಾ ಗಟ್ಟಿಯಾಗಿಯೇ. ಪಾಪ ಮುನ್ನೀಬಿ, ಕಂಡದ್ದನ್ನು ಕಂಡ ಹಾಗೆ ಹೇಳಿದ್ದಳು. ಅದು ಒಲೆಯ ಬೂದಿಯಲ್ಲ, ವಿಭೂತಿ.

ವಿಭೂತಿ ಹಚ್ಚಿದ ಬಿರಡೆಯನ್ನು ಬೃಂದಾ ಒಂದೇ ಒಂದು ಕಡೆ ನೋಡಿದ್ದಳು. ಇದೇ ಠಾಣೆಯಲ್ಲಿ, ಆಯುಧಪೂಜೆಯ ದಿನ.

ಕಾಯ್ದೆ ಬಂದಾಗ ಸರ್ಕಾರ ಒಂದು ಗಡುವು ಕೊಟ್ಟಿತ್ತು. ಮಹಾಲಯ ಅಮಾವಾಸ್ಯೆಯೊಳಗೆ ತಂದೊಪ್ಪಿಸಿದವರನ್ನು ಏನೂ ಕೇಳುವುದಿಲ್ಲ ಎಂದು ಡಂಗುರ ಹೊಡೆಸಿದ್ದರು. ಈ ಠಾಣೆಗೆ ಬಂದದ್ದು ಮೂರೇ ಮೂರು. ಬೀಚನಹಳ್ಳಿಯ ಮುದುಕ ದೊಡ್ಡಬೀರಯ್ಯನಂತೂ ತನ್ನದನ್ನು ಎಲೆಯಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇಟ್ಟುಕೊಂಡು ಬಂದಿದ್ದ. "ತಗಳವ್ವ, ಇದ್ನ ಮಡಿಕ್ಕಂಡು ಈ ವಯಸ್ಸಲ್ಲಿ ನಾನು ಜೈಲ್ಗೋಗಕ್ಕಾಯ್ತದಾ? ಅಂದಿಗಳು ಬೇಕಾರೆ ಗೆಣಸು ತಿನ್ಕಂಡೋಗ್ಲಿ ಬುಡು," ಎಂದು ಮೇಜಿನ ಮೇಲೆ ಕುಕ್ಕಿ ಹೋಗಿದ್ದ. ಅದರ ಅಂಚಿನಲ್ಲಿ ಅವನು ಉಗುರು ಸಿಗಲೆಂದು ಅರದಿಂದ ಉಜ್ಜಿ ಒಂದು ಕಚ್ಚು ಮಾಡಿದ್ದ. ವಿಡಿಯೊದಲ್ಲಿ ಶಂಕರ್ ಬೆರಳಿನ ನಡುವಿದ್ದ ಬಿರಡೆಯಲ್ಲಿ ಆ ಕಚ್ಚೂ ಕಾಣುತ್ತಿತ್ತು.

ಮೈಸೂರಿಗೆ ಕಳಿಸಿ ಕರಗಿಸುವವರೆಗೆ ಮೂರನ್ನೂ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ಆಯುಧಗಳ ಬೀರುವಿನಲ್ಲಿ ಇಟ್ಟಿದ್ದರು. ಆಯುಧಪೂಜೆ ಬಂತು. ಪೂಜೆ ಎಂದರೆ ವೀರಭದ್ರಸ್ವಾಮಿಯದೇ ಯಜಮಾನಿಕೆ. ರೈಫಲ್ಲು, ಲಾಠಿ, ಕೈಕೋಳ, ಜೀಪು, ಕೊನೆಗೆ ಕಂಪ್ಯೂಟರಿಗೂ ಬಿಡದೆ ವಿಭೂತಿ ಎಳೆಯುತ್ತಿದ್ದರು. ಬಿರಡೆಗಳನ್ನೂ ಬಾಳೆಲೆ ಮೇಲೆ ಜೋಡಿಸಿದ್ದನ್ನು ನೋಡಿ ಬೃಂದಾ ನಕ್ಕಿದ್ದಳು.

"ಇದಕ್ಕೂ ಪೂಜೆನಾ ಸ್ವಾಮಿಯವ್ರೇ?"

"ಕಬ್ಬಿಣ ಅಂದ್ಮೇಲೆ ಆಯುಧಾನೇ ಮೇಡಂ. ಪಾಪ ಅದೇನು ಮಾಡ್ತು? ಕಾಯ್ದೆ ಬಂದಿರೋದು ಮನುಷ್ಯರಿಗೆ."

ಬಿರಡೆ ಚಿಕ್ಕದು, ಅದರ ಮೇಲೆ ಮೂರು ಬೆರಳು ಕೂರುವುದಿಲ್ಲ. ಸ್ವಾಮಿ ಬೆಂಕಿಕಡ್ಡಿಯನ್ನು ವಿಭೂತಿ ನೀರಿನಲ್ಲಿ ಅದ್ದಿ, ಕನ್ನಡಕ ಮೇಲೆತ್ತಿ, ಒಂದೊಂದಕ್ಕೂ ಮೂರು ಗೆರೆ ಎಳೆದು ಕುಂಕುಮ ಇಟ್ಟಿದ್ದರು. ಠಾಣೆಯ ವಾಟ್ಸ್ಯಾಪ್ ಗುಂಪಿನಲ್ಲಿ ಆ ಫೋಟೊ ಇನ್ನೂ ಇತ್ತು. ಬೃಂದಾ ಹುಡುಕಿ ತೆಗೆದಳು. ಬಾಳೆಲೆ, ಸೇವಂತಿಗೆ ಹೂವು, ಸಾಲಾಗಿ ಮೂರು ಬಿರಡೆ. ನಡುವಿನದರಲ್ಲಿ ದೊಡ್ಡಬೀರಯ್ಯನ ಕಚ್ಚು.

ಪೊಲೀಸರ ಬೀರುವಿನಲ್ಲಿದ್ದ ಬಿರಡೆ ನಸೀರನ ಅಂಗಡಿಗೆ ನಡೆದುಕೊಂಡು ಹೋಗಿರಲಾರದು. ಒಯ್ದವನು ಠಾಣೆಯವನೇ.

ಆದರೆ ಒಯ್ದವನು ವಿಭೂತಿಯನ್ನು ಏಕೆ ಒರೆಸಲಿಲ್ಲ? ಅಂಗಿಯ ತುದಿಯಲ್ಲಿ ಒಂದು ಸಲ ಉಜ್ಜಿದ್ದರೆ ಕಥೆ ಮುಗಿಯುತ್ತಿತ್ತು. ಒಂದೋ ಅವನು ಅದನ್ನು ನೋಡಲೇ ಇಲ್ಲ. ಪೂಜೆಯ ದಿನ ಬೂಟು ಬಿಚ್ಚಲು ಬೇಸರಪಟ್ಟು ಬಾಗಿಲಲ್ಲೇ ಫೋನಿನಲ್ಲಿದ್ದ ಶಂಕರ್ ಅಂಥವರು. ಇಲ್ಲವೋ, ನೋಡಿಯೂ ಒರೆಸಲು ಕೈ ಬರಲಿಲ್ಲ. ದಿನಾ ಸ್ನಾನ ಮಾಡಿ ಹಣೆ ತುಂಬ ವಿಭೂತಿ ಧರಿಸಿ ಬರುವ ವೀರಭದ್ರಸ್ವಾಮಿ ಅಂಥವರು. ಯಾರನ್ನು ನಂಬುವುದು, ಯಾರನ್ನು ಬಿಡುವುದು?

"ಸ್ವಾಮಿಯವ್ರೇ, ಒಳಗೆ ಬನ್ನಿ. ಬೀರು ತೆಗೀಬೇಕು."

ವೀರಭದ್ರಸ್ವಾಮಿ ಬಂದರು. ಬರುವ ಡಿಸೆಂಬರಿಗೆ ನಿವೃತ್ತಿ. ಬೃಂದಾ ಈ ಠಾಣೆಗೆ ಬಂದ ಹೊಸದರಲ್ಲಿ ಕಾಗದಪತ್ರದ ಅ ಆ ಇ ಈ ಕಲಿಸಿಕೊಟ್ಟವರೇ ಅವರು. ಅವರು ಬೀಗ ತೆಗೆದು, ಮೇಲಿನ ಅರೆಯಿಂದ ಬಿಸ್ಕತ್ತಿನ ಡಬ್ಬ ಇಳಿಸಿ ಮೇಜಿನ ಮೇಲಿಟ್ಟರು.

"ಇದೇ ತಾನೆ? ನೋಡಿ ಮೇಡಂ, ಮೂರಿದೆ."

ಮೂರು ಇತ್ತು! ಎರಡು ಇರುತ್ತದೆ ಎಂದುಕೊಂಡೇ ಅವಳು ಬೀರು ತೆಗೆಸಿದ್ದಳು. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದಳು. ಮೊದಲನೆಯದಕ್ಕೆ ಮೂರು ಗೆರೆ, ಕುಂಕುಮ. ಎರಡನೆಯದಕ್ಕೂ ಅಷ್ಟೇ. ಮೂರನೆಯದು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ವಿಭೂತಿಯೂ ಇಲ್ಲ, ಕಚ್ಚೂ ಇಲ್ಲ.

"ಇದಕ್ಕ್ಯಾಕೆ ಹಚ್ಲಿಲ್ಲ ಸ್ವಾಮಿಯವ್ರೇ?"

"ಹಚ್ಚಿದ್ನಲ್ಲ. ಮೂರಕ್ಕೂ ಹಚ್ಚಿದ್ದೆ. ಅಳಿಸಿಹೋಗಿರ್ಬೇಕು."

"ಎಣ್ಣೆ ಹಾಕ್ಕೊಂಡು ತಾನೇ ಅಳಿಸ್ಕೊಂತಾ?"

ಅವಳು ಅದನ್ನು ಮೂಗಿನ ಹತ್ತಿರ ಹಿಡಿದಳು. ಹೊಲಿಗೆ ಯಂತ್ರದ ಎಣ್ಣೆ. ತಿರುಗಿಸಿ ನೋಡಿದಾಗ ಬುಡದಲ್ಲಿ ಸಾಸಿವೆಯಷ್ಟು ಸಣ್ಣ ಎರಡು ಗುಂಡು ಗುರುತು ಕಂಡವು. ಆ ಗುರುತನ್ನು ಎಲ್ಲಿ ನೋಡಿದ್ದೇನೆ ಎಂದು ನೆನಪಾದ ಕೂಡಲೇ ಬೃಂದಾ ಮುಷ್ಟಿ ಮುಚ್ಚಿದಳು. ಸ್ವಾಮಿಗೆ ಅದನ್ನು ಹೇಳಲಿಲ್ಲ.

"ಈ ಬೀರುಗೆ ಎರಡು ಕೀ. ಒಂದು ನಂದು. ಇನ್ನೊಂದು ನಿಮ್ದು. ನಿಮ್ದನ್ನ ಯಾರಿಗಾದ್ರೂ ಕೊಟ್ರಾ?"

ಸ್ವಾಮಿ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಪೂಜೆ ಆದ್ಮೇಲೆ ನೀವು ಕೆ.ಆರ್. ನಗರಕ್ಕೆ ತಂಗಿ ಸೀಮಂತಕ್ಕೆ ಹೋಗಿದ್ರಲ್ಲ, ಆವಾಗ ಸಾಹೇಬ್ರು ಕೇಳಿದ್ರು. ಕೊಟ್ಟೆ. ಮೊನ್ನೆ ಇನ್ನೊಂದ್ಸಲ ಕೇಳಿದ್ರು. ಅರ್ಧ ಗಂಟೇಲಿ ವಾಪಸ್ ಕೊಟ್ರು."

"ಪುಸ್ತಕದಲ್ಲಿ ಬರೆದಿಲ್ಲ."

"ಬೇಡ ಅಂದ್ರು."

"ಅವ್ರು ಬೇಡ ಅಂದ್ರಾ, ನೀವೇ ಬೇಡ ಅಂದ್ಕೊಂಡ್ರಾ?"

"ಮೇಡಂ!" ಸ್ವಾಮಿಯ ಮುಖ ಕೆಂಪಾಯಿತು. "ಮೂವತ್ನಾಲ್ಕು ವರ್ಷ ಸರ್ವಿಸು. ಒಂದು ಕಪ್ಪು ಚುಕ್ಕೆ ಇಲ್ಲ. ಹೋಗೋ ಕಾಲಕ್ಕೆ ನನ್ನ ಮೇಲೆ ಗೂಬೆ ಕೂರಿಸ್ತೀರಾ?"

"ಅಳಿಸೋಕೆ ಕೈ ಬರ್ಲಿಲ್ವಾ ಸ್ವಾಮಿಯವ್ರೇ?"

"ಏನನ್ನ?"

"ವಿಭೂತೀನ. ನಸೀರನ ಅಂಗಡೀಲಿ ಸಿಕ್ಕಿದ್ರ ಮೇಲೆ ನಿಮ್ಮ ಬೆಂಕಿಕಡ್ಡಿ ಗೆರೆ ಹಾಗೇ ಇದೆ."

ಸ್ವಾಮಿಯ ಕೈಯಲ್ಲಿದ್ದ ಡಬ್ಬದ ಮುಚ್ಚಳ ಮೇಜಿನ ಮೇಲೆ ಬಿದ್ದು ಗರಗರ ಸುತ್ತಿತು. ಅವರ ಮುಖದಲ್ಲಿದ್ದದ್ದು ಸಿಕ್ಕಿಬಿದ್ದವನ ಹೆದರಿಕೆಯೋ, ಈಗಷ್ಟೇ ವಿಷಯ ತಿಳಿದವನ ಹೆದರಿಕೆಯೋ, ಬೃಂದಾಗೆ ಹೇಳಲಾಗಲಿಲ್ಲ. ಎರಡೂ ಹೆದರಿಕೆ ನೋಡಲು ಒಂದೇ ಥರ ಇರುತ್ತವೆ.

"ನನ್ನ ಕೇಳ್ತೀರಲ್ಲ," ಎಂದರು ಸ್ವಾಮಿ ಕೊನೆಗೆ, ದನಿ ತಗ್ಗಿಸಿ. "ನಿಮ್ಮನ್ನ ಒಂದು ಮಾತು ಕೇಳ್ಲಾ? ರಜೆಗೆ ಹೋಗೋ ಹಿಂದಿನ ದಿನ ಐದು ರಿಪೇರಿ ಚೀಟಿಗೆ ಸೈನ್ ಹಾಕಿಟ್ಟು ಹೋದ್ರಿ. ಮೇಲೆ ಏನೂ ಬರೀದೆ, ಖಾಲಿ. ಆ ಐದೂ ಏನಾದ್ವು ಅಂತ ವಾಪಸ್ ಬಂದ್ಮೇಲೆ ಕೇಳಿದ್ರಾ?"

"ನಿಮ್ಮ ಕೈಗೇ ಕೊಟ್ಟಿದ್ದೆ."

"ಜೀಪಿಗೊಂದು, ನಲ್ಲಿಗೊಂದು, ಫ್ಯಾನಿಗೊಂದು, ಪ್ರಿಂಟರಿಗೊಂದು. ನಾಲ್ಕು ನಾನು ಬರ್ದಿದ್ದು. ಐದನೇದು ನನ್ನ ಮೇಜಿನ ಮೇಲಿತ್ತು, ಆಮೇಲೆ ಇರ್ಲಿಲ್ಲ. ಯಾರು ತಗೊಂಡ್ರೋ ನಂಗೊತ್ತಿಲ್ಲ." ಅವರು ಕನ್ನಡಕ ಹಾಕಿಕೊಂಡರು. "ಅದರ ಮೇಲಿರೋದು ನನ್ನ ಸೈನ್ ಅಲ್ಲ ಮೇಡಂ. ನಿಮ್ದು."

ಅಷ್ಟು ಹೇಳಿ, ಅಪ್ಪಣೆ ಕೇಳದೆಯೇ ಹೊರಟುಹೋದರು. ಆ ಮನುಷ್ಯ ಬೃಂದಾಗೆ ಬೆನ್ನು ತೋರಿಸಿ ಹೋದದ್ದು ಅದೇ ಮೊದಲು.

ಬೃಂದಾ ಗೋಡೆಯ ಮೊಳೆಯಿಂದ ಒಂದು ಜೊತೆ ಕೈಕೋಳ ತೆಗೆದುಕೊಂಡು ಲಾಕಪ್ಪಿನ ಕಡೆ ನಡೆದಳು. ಹೋದ ವರ್ಷ ಅದರ ಬೀಗ ಕೆಟ್ಟಾಗ ರಿಪೇರಿ ಮಾಡಿಕೊಟ್ಟವನು ನಸೀರ್. ಬೀಗದ ಪಕ್ಕದಲ್ಲಿ ಸಾಸಿವೆಯಷ್ಟು ಸಣ್ಣ ಎರಡು ಗುಂಡು ಗುರುತು. ತಾನು ಮುಟ್ಟಿದ ಕೆಲಸದ ಮೇಲೆಲ್ಲ ನಸೀರ್ ಅದನ್ನು ಒತ್ತುತ್ತಿದ್ದ.

ಲಾಕಪ್ಪಿನ ಮೂಲೆಯಲ್ಲಿ ನಸೀರ್ ಮಂಡಿ ಕಟ್ಟಿ ಕೂತಿದ್ದ. ಐವತ್ತು ದಾಟಿದ ತೆಳ್ಳನೆಯ ಆಳು. ಬೃಂದಾ ಸರಳಿನ ಆಚೆಯಿಂದ ಅಂಗೈ ಬಿಚ್ಚಿದಳು.

ಅವನು ಬಿರಡೆಯನ್ನು ನೋಡಿದ. ಆಮೇಲೆ ಅವಳ ಮುಖ ನೋಡಿದ.

"ನಿನ್ನೆ ಸಿಕ್ಕಿದ್ದು ನಂದಲ್ಲ ಮೇಡಂ. ಖುದಾ ಕಸಂ ನಂದಲ್ಲ."

"ಅದು ಗೊತ್ತು. ಇದು?"

ನಸೀರ್ ಮಂಡಿಯ ನಡುವೆ ಮುಖ ಹುದುಗಿಸಿದ.

"ನಸೀರಣ್ಣ, ಮೂರು ಗಂಟೆಗೆ ಜೀಪು ಹೊರಡುತ್ತೆ. ಏಳು ವರ್ಷ. ಆಚೆ ನಿಮ್ಮ ಮನೆಯವ್ರು ಅದು ನಮ್ದಲ್ಲ ಅಂತ ಬೆಳಗ್ಗಿಂದ ಹೇಳ್ತಾ ಕೂತಿದ್ದಾರೆ. ನೀವು ಇಲ್ಲಿ ಬಾಯಿ ಮುಚ್ಕೊಂಡ್ ಕೂತ್ರೆ ನಾನೇನು ಮಾಡ್ಲಿ?"

"ಮಾಡ್ದೋನು ನಾನೇ," ಎಂದ ನಸೀರ್. ಎರಡೇ ಮಾತಿಗೆ ಅವನ ಕಣ್ಣು ತುಂಬಿತು. "ಆದ್ರೆ ನಿಮ್ಮ ಚೀಟಿ ಬಂದಿತ್ತು ಮೇಡಂ. ಸ್ಟೇಷನ್ ಸೀಲು, ನಿಮ್ಮ ಸೈನು. ಕೋರ್ಟಲ್ಲಿ ತೋರ್ಸಕ್ಕೆ ಮಾದರಿ ಬೇಕು ಅಂತ ಬರ್ದಿತ್ತು. ಜೊತೇಲೊಂದು ಅಳತೆ ಬರ್ದ ಚಿತ್ರ ಕೊಟ್ಟಿದ್ರು, ಇದ್ರಂಗೇ ಮಾಡು ಅಂತ. ಇಪ್ಪತ್ತು ವರ್ಷದಿಂದ ಸ್ಟೇಷನ್ ಕೆಲ್ಸ ಮಾಡ್ತಿದ್ದೀನಿ. ಚೀಟಿ ಬತ್ತದೆ, ತಂತಿಗೆ ಚುಚ್ಚಿ ಮಡಗ್ತೀನಿ, ಕೆಲ್ಸ ಮಾಡ್ತೀನಿ. ಯಾಕೆ ಏನು ಅಂತ ಒಂದಿನ ಕೇಳಿಲ್ಲ. ಪೊಲೀಸ್ನೋರನ್ನ ಕೇಳಕ್ಕಾಯ್ತದಾ?"

ಬೃಂದಾ ಸರಳನ್ನು ಹಿಡಿದುಕೊಂಡಳು. ಈಗ ಎಲ್ಲ ಸರಿಯಾಗಿ ಕೂತಿತು. ನಸೀರನ ಅಂಗಡಿಯಲ್ಲಿ ನಸೀರನೇ ಮಾಡಿದ ಬಿರಡೆಯನ್ನು ಇಟ್ಟಿದ್ದರೆ ಅವನು ಆ ಕ್ಷಣವೇ ಚೀಟಿ ತೋರಿಸಿ ಬೊಬ್ಬೆ ಹಾಕುತ್ತಿದ್ದ. ಅದಕ್ಕೇ ಬೇರೆ ಯಾರದ್ದನ್ನೋ ಇಟ್ಟರು. ಈಗ ಅವನು ಚೀಟಿಯ ಸುದ್ದಿ ಎತ್ತಿದರೆ, ಸಿಕ್ಕಿದ್ದು ನನ್ನದಲ್ಲ, ಸಿಗದೇ ಇರುವುದು ನನ್ನದು ಎಂದು ತಾನೇ ಒಪ್ಪಿಕೊಂಡ ಹಾಗೆ. ಬಾಯಿ ಬಿಟ್ಟರೂ ಜೈಲು, ಬಿಡದಿದ್ದರೂ ಜೈಲು. ಬೀರುವಿನ ಡಬ್ಬದಲ್ಲಿ ಮೂರು ಇರಲೆಂದು ಹೊಸದೊಂದನ್ನು ಹಾಕಿದರು. ತಣ್ಣಗೆ ಕೂತು ಯೋಚಿಸಿದವನ ಕೆಲಸ ಇದು. ವಿಭೂತಿ ಒಂದು ಮಾತ್ರ ಅವನ ಲೆಕ್ಕದಾಚೆ ಉಳಿದುಹೋಗಿತ್ತು.

"ಎಷ್ಟು ಮಾಡಿಕೊಟ್ರಿ?"

ನಸೀರ್ ನೆಲ ನೋಡಿದ. "ಒಂದು."

"ಒಂದೇನಾ?"

"ಹೂಂ ಮೇಡಂ."

"ಚೀಟಿ ತಂದೋರು ಯಾರು?"

"ನಾನು ನೋಡಿಲ್ಲ. ಶುಕ್ರವಾರ, ನಮಾಜಿಗೆ ಹೋಗಿದ್ದೆ. ಮುನ್ನೀಬಿ ತಗೊಂಡಿದ್ದು. ಸಾಮಾನು ತಗೊಂಡೋಗಕ್ಕೆ ಬಂದಾಗ್ಲೂ ಅವ್ಳೇ ಇದ್ದಿದ್ದು. ಯಾರು ಅಂದ್ರೆ, ಸ್ಟೇಷನ್ನೋರೇ ಕಣ್ರೀ, ನಿಮಗ್ಯಾಕೆ ಅಂದ್ಲು. ಮುಖ ಕಂಡ್ರೆ ಗುರ್ತು ಹಿಡೀತಾಳೆ."

ಮುಖ ಕಂಡರೆ! ಗೋಡೆಗೆ ತಿರುಗಿದ ಆ ಮುಖ, ಹಣೆಯವರೆಗೆ ಬಂದ ಆ ಸೆರಗು ಬೃಂದಾಳ ಕಣ್ಣಿಗೆ ಕಟ್ಟಿತು. ಅದು ಸಂಕೋಚವಲ್ಲ. ಬಾಗಿಲಲ್ಲಿ ಬಂದ ಇಬ್ಬರಲ್ಲಿ ಒಬ್ಬನೇ ಚೀಟಿ ತಂದವನು, ಮುನ್ನೀಬಿಗೆ ಅದು ಗೊತ್ತಿತ್ತು. ತನಗೆ ಗೊತ್ತಿರುವುದು ಅವನಿಗೆ ತನ್ನ ಮುಖದಲ್ಲಿ ಕಾಣಬಾರದೆಂದು ಮರೆಸಿಕೊಂಡಿದ್ದಳು.

ಬೃಂದಾ ಓಡಿದಳು.

ಬೆಂಚು ಖಾಲಿಯಾಗಿತ್ತು. ಬಾಗಿಲ ಆಚೆ ಬೇವಿನ ಮರದ ಕೆಳಗೆ ಜೀಪು ಇರಲಿಲ್ಲ. ಸೆಂಟ್ರಿಯ ಜಾಗದಲ್ಲಿ ಐಶ್ವರ್ಯ ನಿಂತಿದ್ದಳು.

"ಆ ಅಮ್ಮ ಎಲ್ಲಿ?"

"ಹೇಳಿಕೆ ಬರೆಸ್ಕೋಬೇಕು ಅಂತ ಕರ್ಕೊಂಡು ಹೋದ್ರು ಮೇಡಂ. ಇನ್‌ಸ್ಪೆಕ್ಟರ್ ಸಾಹೇಬ್ರ ಜೀಪಲ್ಲಿ. ಸ್ವಾಮಿಯವ್ರು ಓಡಿಸ್ತಿದ್ರು."

"ಸಾಹೇಬ್ರು ಜೊತೇಲಿದ್ರಾ?"

"ಗಾಜು ಏರ್ಸಿತ್ತು. ಸರಿಯಾಗಿ ಕಾಣ್ಲಿಲ್ಲ."

"ಹುಣಸೂರು ಕಡೆಗಾ?"

ಐಶ್ವರ್ಯ ಎದುರು ದಿಕ್ಕಿಗೆ ಕೈ ತೋರಿಸಿದಳು. "ಇಲ್ಲ ಮೇಡಂ. ಕೋಟೆ ಕಡೆಗೆ. ಬೇಗೂರು ರಸ್ತೆ."

ಕೋರ್ಟು ಆ ಕಡೆ ಇಲ್ಲ. ಠಾಣೆಯೂ ಇಲ್ಲ. ಆ ಕಡೆ ಇರುವುದು ಚಲುವರಾಜು ಬಿದ್ದಿದ್ದ ಕಾಡು. ಬೃಂದಾ ಶಂಕರ್‌ಗೆ ಫೋನು ಹಚ್ಚಿದಳು, ರಿಂಗಾಗಿ ರಿಂಗಾಗಿ ನಿಂತುಹೋಯಿತು. ಸ್ವಾಮಿಯ ಫೋನು ಸ್ವಿಚ್ಡ್ ಆಫ್.

"ಹೋಗುವಾಗ ಆ ಅಮ್ಮ ಏನಾದ್ರೂ ಅಂದ್ರಾ?"

"ಊಟ ತಣ್ಣಗಾಗೋಗುತ್ತೆ, ಮೇಡಂನೋರಿಗೆ ಡಬ್ಬ ತೆಗ್ದು ನೋಡಕ್ಕೆ ಹೇಳು ಅಂದ್ರು. ಎರಡ್ ಸಲ ಅಂದ್ರು."

ಬೃಂದಾ ಮೇಜಿನ ಹತ್ತಿರ ಬಂದು, ಕೈಯಲ್ಲಿದ್ದ ಬಿರಡೆಯನ್ನು ಅದರ ಮೇಲಿಟ್ಟು, ಕ್ಯಾರಿಯರಿನ ಕೊಂಡಿ ಬಿಚ್ಚಿದಳು. ಮೇಲಿನ ಡಬ್ಬದಲ್ಲಿ ಬೇಳೆ ಸಾರು. ನಡುವಿನದರಲ್ಲಿ ಬದನೆಕಾಯಿ. ಕೆಳಗಿನದರಲ್ಲಿ ಅನ್ನ, ಇನ್ನೂ ಸ್ವಲ್ಪ ಬೆಚ್ಚಗಿತ್ತು. ಬೆರಳು ಹಾಕಿ ಕೆದಕಿದಳು. ತಳದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕು ಮಡಿಕೆಯ ಒಂದು ಕಾಗದ, ನಟ್ಟನಡುವೆ ತಂತಿಗೆ ಚುಚ್ಚಿದ ತೂತು.

ಗಾಣದಕೊಪ್ಪಲು ಠಾಣೆಯ ರಿಪೇರಿ ಚೀಟಿ. ಕೆಳಗೆ ಸೀಲು, ಸೀಲಿನ ಮೇಲೆ ಬೃಂದಾಳದೇ ಸಹಿ. ಅವಳ ಸಹಿಯಿದ್ದ ಚೀಟಿಯನ್ನು ಅವಳ ಕೈಗೇ ಮುಟ್ಟಿಸಿ ಹೋಗಿದ್ದಳು ಮುನ್ನೀಬಿ. ನಂಬಿ ಕೊಟ್ಟಳೋ, ನಿನ್ನದೂ ಗೊತ್ತು ಎಂದು ಕೊಟ್ಟಳೋ, ಕೇಳಲು ಅವಳೇ ಇರಲಿಲ್ಲ.

ಬರೆದ ಅಕ್ಷರ ಗುಂಡು ಗುಂಡಾಗಿತ್ತು. ಆ ಅಕ್ಷರ ನೋಡಿಯೇ ಬೃಂದಾ ಠಾಣೆಯ ಕಾಗದ ಬರೆಯುವುದನ್ನು ಕಲಿತದ್ದು. ಐದನೇ ಚೀಟಿ ಯಾರು ತಗೊಂಡರೋ ಗೊತ್ತಿಲ್ಲ ಎಂದಿದ್ದರಲ್ಲ ವೀರಭದ್ರಸ್ವಾಮಿ!

ಅವಳು ಇನ್ನೊಮ್ಮೆ ಓದಿದಳು. 'ನ್ಯಾಯಾಲಯಕ್ಕೆ ತೋರಿಸುವ ಸಲುವಾಗಿ, ಕೊಟ್ಟಿರುವ ನಮೂನೆಯಂತೆ ಮಾಡಿಕೊಡುವುದು. ಸಂಖ್ಯೆ:'

ಸಂಖ್ಯೆಯ ಮುಂದೆ, ಅದೇ ಗುಂಡನೆಯ ಅಕ್ಷರದಲ್ಲಿ, ಹತ್ತು ಎಂದಿತ್ತು.

ಮೇಜಿನ ಮೇಲೆ ಅವಳ ಮುಂದೆ ಹೊಳೆಯುತ್ತ ಕೂತಿದ್ದದ್ದು ಅದರಲ್ಲಿ ಒಂದೇ ಒಂದು.